ಲೇಔಟ್ ಫೈಲ್ ಇಲ್ಲದೆ ಆಂಡ್ರಾಯ್ಡ್ ಆ್ಯಪ್‌ನ ಪರದೆ ಕಟ್ಟುವುದು: ಜೆಟ್‌ಪ್ಯಾಕ್ ಕಂಪೋಸ್‌ನ ಸಮಗ್ರ ಮಾರ್ಗದರ್ಶಿ

ಮೈಸೂರಿನ ಸರಸ್ವತಿಪುರಂನಲ್ಲಿ ವಾರಕ್ಕೆ ಎರಡು ಸಂಜೆ ನನ್ನ ಬಳಿ ಆ್ಯಪ್ ಬರೆಯುವುದನ್ನು ಕಲಿಯಲು ಬರುವವರು ಲ್ಯಾಪ್‌ಟಾಪ್ ತೆರೆದು ತೋರಿಸುವ ತೊಂದರೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಹಸಿರು ಬಣ್ಣ ಕೊಟ್ಟಿದ್ದರೂ ಫೋನಿನಲ್ಲಿ ಬೇರೆಯದೇ ಬಣ್ಣ ಬರುತ್ತದೆ. ಪಟ್ಟಿ ಸೇರಿಸಿದೊಡನೆ ಆ್ಯಪ್ ಮುಚ್ಚಿಕೊಳ್ಳುತ್ತದೆ. ಫೋನ್ ತಿರುಗಿಸಿದರೆ ಬರೆದದ್ದೆಲ್ಲ ಅಳಿಸಿಹೋಗುತ್ತದೆ. ಕನ್ನಡದ ಒತ್ತಕ್ಷರಗಳ ಕೆಳಭಾಗವನ್ನು ಯಾರೋ ಕತ್ತರಿಸಿದಂತೆ ಕಾಣುತ್ತದೆ. ಎಕ್ಸ್‌ಎಂಎಲ್ ಲೇಔಟ್ ಫೈಲನ್ನು ಬಿಟ್ಟು ಕೋಟ್ಲಿನ್ ಕೋಡಿನಲ್ಲೇ ಪರದೆ ಕಟ್ಟುವ ಜೆಟ್‌ಪ್ಯಾಕ್ ಕಂಪೋಸ್‌ನಲ್ಲಿ ಇಂಥ ತೊಂದರೆಗಳ ಮೂಲ ಬಹುಮಟ್ಟಿಗೆ ಒಂದೇ ಆಗಿರುತ್ತದೆ: ಕೆಲಸದ ಕ್ರಮ ತಪ್ಪಿರುತ್ತದೆ. ಬಣ್ಣದಿಂದ ಆರಂಭಿಸಿ, ನಡುವೆ ಅಳತೆ ಸರಿಮಾಡಿ, ಮಾಹಿತಿ ಎಲ್ಲಿರಬೇಕೆಂಬುದನ್ನು ಕೊನೆಗೆ ಯೋಚಿಸುವವರು ಮೂರನೆಯ ದಿನ ಎಲ್ಲವನ್ನೂ ಅಳಿಸಿ ಹೊಸದಾಗಿ ಬರೆಯಲು ಕೂರುತ್ತಾರೆ.

ಉದಾಹರಣೆಗೆ ಒಂದೇ ಒಂದು ಪರದೆಯನ್ನು ತೆಗೆದುಕೊಳ್ಳೋಣ. ಮಂಡ್ಯ ಸೀಮೆಯ ಒಂದು ಆಲೆಮನೆಗೆ ಬರುವ ಕಬ್ಬಿನ ಲೋಡುಗಳ ತೂಕದ ಚೀಟಿ ಅದು. ಮೇಲ್ಭಾಗದಲ್ಲಿ ಊರು, ಗಾಡಿ ನಂಬರು, ತುಂಬಿದ ತೂಕ, ಖಾಲಿ ತೂಕ ಎಂಬ ನಾಲ್ಕು ಖಾನೆಗಳು. ಅವುಗಳ ಕೆಳಗೆ ನಿವ್ವಳ ತೂಕ ಮತ್ತು ‘ಉಳಿಸಿ’ ಎಂಬ ಗುಂಡಿ. ಅದರ ಕೆಳಗೆ ಆ ದಿನ ಬಂದ ಲೋಡುಗಳ ಪಟ್ಟಿ. ಇಷ್ಟನ್ನು ಸರಿಯಾಗಿ ಕಟ್ಟಬಲ್ಲವರಿಗೆ ಹಾಲಿನ ಡೇರಿಯ ಲೆಕ್ಕವಾಗಲಿ ಅಂಗಡಿಯ ಸಾಲದ ಪುಸ್ತಕವಾಗಲಿ ಕಷ್ಟವಾಗುವುದಿಲ್ಲ. ಕೆಳಗೆ ಕೋಡಿನ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಎಡಿಟರ್‌ನಲ್ಲಿ ಟೈಪ್ ಮಾಡುವಾಗ ಅವೇ ಹೆಸರುಗಳ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು.

## ಮೊದಲು ಕೈಗೆ ಸಿಗಬೇಕಾದ ಪರಿಕರಗಳು

ಆಂಡ್ರಾಯ್ಡ್ ಸ್ಟುಡಿಯೋ, ಒಂದು ನಿಜವಾದ ಆಂಡ್ರಾಯ್ಡ್ ಫೋನ್, ಡೇಟಾ ಸಾಗಿಸಬಲ್ಲ ಒಳ್ಳೆಯ ಯುಎಸ್‌ಬಿ ಕೇಬಲ್, ಒಂದು ಪೆನ್ಸಿಲ್ ಮತ್ತು ಕಾಗದ. 8 ಜಿಬಿ ರ್‍ಯಾಮ್ ಇರುವ ಲ್ಯಾಪ್‌ಟಾಪ್‌ನಲ್ಲಿ ಎಮ್ಯುಲೇಟರ್ (ಕಂಪ್ಯೂಟರಿನೊಳಗೇ ಓಡುವ ನಕಲಿ ಫೋನ್) ಓಡಿಸಲು ಹೋದರೆ ಸ್ಟುಡಿಯೋ ಮತ್ತು ಎಮ್ಯುಲೇಟರ್ ಎರಡೂ ಉಸಿರುಗಟ್ಟುತ್ತವೆ. ಅಂಥವರು ಫೋನನ್ನೇ ಬಳಸಲಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಮೇಲೆ 7 ಬಾರಿ ಒತ್ತಿದರೆ ಡೆವಲಪರ್ ಆಯ್ಕೆಗಳು ತೆರೆದುಕೊಳ್ಳುತ್ತವೆ. ಅಲ್ಲಿ ಯುಎಸ್‌ಬಿ ಡೀಬಗ್ಗಿಂಗ್ ಚಾಲೂ ಮಾಡಿದರೆ ಸಾಕು. ಫೋನ್ ಚಾರ್ಜ್ ಆಗುತ್ತಿದ್ದರೂ ಸ್ಟುಡಿಯೋದಲ್ಲಿ ಕಾಣದಿದ್ದರೆ ಮೊದಲು ಕೇಬಲನ್ನು ಅನುಮಾನಿಸಿ. ಚಾರ್ಜಿಂಗ್‌ಗೆ ಮಾತ್ರ ಮಾಡಿದ ಕೇಬಲ್‌ನಿಂದ ನಾನೇ ಒಂದು ಇಡೀ ಭಾನುವಾರವನ್ನು ಕಳೆದುಕೊಂಡಿದ್ದೇನೆ.

ಹೊಸ ಪ್ರಾಜೆಕ್ಟ್ ತೆರೆಯುವಾಗಲೇ ಮೊದಲ ತಪ್ಪು ನಡೆಯುತ್ತದೆ. ಪಟ್ಟಿಯಲ್ಲಿ ‘ಎಂಪ್ಟಿ ಆಕ್ಟಿವಿಟಿ’ ಮತ್ತು ‘ಎಂಪ್ಟಿ ವ್ಯೂಸ್ ಆಕ್ಟಿವಿಟಿ’ ಎಂಬ ಎರಡು ಹೆಸರುಗಳಿರುತ್ತವೆ. ಮೊದಲನೆಯದು ಕಂಪೋಸ್‌ನದು, ಎರಡನೆಯದು ಹಳೆಯ ಲೇಔಟ್ ಫೈಲ್ ಪದ್ಧತಿಯದು. ಪ್ರಾಜೆಕ್ಟಿನ ರೆಸ್ ಫೋಲ್ಡರ್ ಒಳಗೆ ಲೇಔಟ್ ಎಂಬ ಉಪಫೋಲ್ಡರ್ ಕಂಡರೆ ನೀವು ತಪ್ಪು ಬಾಗಿಲಿನಿಂದ ಒಳಗೆ ಬಂದಿದ್ದೀರಿ. ಅದನ್ನು ತಿದ್ದಲು ಹೋಗದೆ ಮುಚ್ಚಿ ಹೊಸದು ತೆರೆಯಿರಿ.

ಎರಡನೆಯ ತಪ್ಪು ಆವೃತ್ತಿಗಳದ್ದು. ಕೋಟ್ಲಿನ್ 2.0 ಬಂದ 2024ರಿಂದ ಕಂಪೋಸ್‌ನ ಕಂಪೈಲರ್ ಪ್ಲಗಿನ್ ಕೋಟ್ಲಿನ್ ಜೊತೆಗೇ ಬರುತ್ತದೆ ಮತ್ತು ಎರಡರ ಆವೃತ್ತಿಯೂ ಒಂದೇ ಆಗಿರಬೇಕು. ಹಳೆಯ ವೀಡಿಯೋ ಪಾಠಗಳಲ್ಲಿ ಗ್ರೇಡಲ್ ಫೈಲಿನೊಳಗೆ, ಅಂದರೆ ಪ್ರಾಜೆಕ್ಟನ್ನು ಹೇಗೆ ಬಿಲ್ಡ್ ಮಾಡಬೇಕೆಂದು ಹೇಳುವ ಫೈಲಿನೊಳಗೆ, ಕಂಪೈಲರ್ ಎಕ್ಸ್‌ಟೆನ್ಶನ್ ಆವೃತ್ತಿ ಎಂಬ ಸಾಲನ್ನು ಸೇರಿಸಲು ಹೇಳುತ್ತಾರೆ. ಈಗ ಆ ಸಾಲು ಬೇಕಿಲ್ಲ. ಕಂಪೋಸ್‌ನ ಲೈಬ್ರರಿಗಳಿಗೂ ಒಂದೊಂದಕ್ಕೆ ಬೇರೆ ಬೇರೆ ಆವೃತ್ತಿ ಬರೆಯದೆ ಬಿಒಎಂ (ಪರಸ್ಪರ ಹೊಂದುವ ಆವೃತ್ತಿಗಳ ಸಿದ್ಧ ಪಟ್ಟಿ) ಎಂಬ ಒಂದೇ ಸಾಲಿಗೆ ಆ ಹೊಣೆಯನ್ನು ಬಿಟ್ಟುಬಿಡಿ.

## ಹಂತ 1: ಕಾಗದದ ಮೇಲೆ ಪೆಟ್ಟಿಗೆಗಳನ್ನು ಗುರುತಿಸಿ

ಕಂಪೋಸ್‌ನಲ್ಲಿ ಪರದೆಯ ಮೇಲಿನ ಪ್ರತಿಯೊಂದು ಭಾಗವೂ ಒಂದು ಫಂಕ್ಷನ್. ಅವುಗಳನ್ನು ಜೋಡಿಸಲು ಮೂರು ಮುಖ್ಯ ಪೆಟ್ಟಿಗೆಗಳಿವೆ: ಮೇಲಿನಿಂದ ಕೆಳಕ್ಕೆ ಜೋಡಿಸುವ ಕಾಲಮ್, ಎಡದಿಂದ ಬಲಕ್ಕೆ ಜೋಡಿಸುವ ರೋ, ಒಂದರ ಮೇಲೊಂದು ಇಡುವ ಬಾಕ್ಸ್. ತೂಕದ ಚೀಟಿಯನ್ನು ಕಾಗದದ ಮೇಲೆ ಬಿಡಿಸಿ, ಯಾವುದು ಯಾವ ಪೆಟ್ಟಿಗೆಯೊಳಗೆ ಎಂದು ಗೆರೆ ಎಳೆಯಿರಿ. ಉದ್ದ ಬೆಳೆಯುವ ಭಾಗ ಯಾವುದು, ಬೆಳೆಯದ ಭಾಗ ಯಾವುದು ಎಂಬುದನ್ನು ಬೇರೆ ಬಣ್ಣದಲ್ಲಿ ಗುರುತು ಹಾಕಿ. ನಮ್ಮ ಪರದೆಯಲ್ಲಿ ಬೆಳೆಯುವುದು ಲೋಡುಗಳ ಪಟ್ಟಿ ಮತ್ತು ಊರಿನ ಹೆಸರು, ಎರಡೇ. ಹತ್ತು ನಿಮಿಷದ ಈ ಕೆಲಸವನ್ನು ಬಿಟ್ಟವರು ನಾಲ್ಕನೆಯ ಹಂತದಲ್ಲಿ ಅದರ ಬೆಲೆಯನ್ನು ಬಡ್ಡಿ ಸಮೇತ ತೆರುತ್ತಾರೆ.

## ಹಂತ 2: ರೂಪಕ್ಕಿಂತ ಮೊದಲು ಸ್ಥಿತಿಯನ್ನು ನಿರ್ಧರಿಸಿ

ಲೇಔಟ್ ಫೈಲಿನ ಕಾಲದಲ್ಲಿ ಪರದೆಯನ್ನು ಒಮ್ಮೆ ಕಟ್ಟಿ, ಆಮೇಲೆ ಒಂದೊಂದು ಭಾಗವನ್ನೂ ಹುಡುಕಿ ಬದಲಿಸುತ್ತಿದ್ದೆವು. ಕಂಪೋಸ್‌ನಲ್ಲಿ ಹಾಗೆ ಹುಡುಕಿ ಬದಲಿಸುವ ದಾರಿಯೇ ಇಲ್ಲ. ಸ್ಥಿತಿ, ಅಂದರೆ ಸ್ಟೇಟ್, ಬದಲಾದಾಗ ಅದನ್ನು ಓದುತ್ತಿರುವ ಫಂಕ್ಷನ್ ಮತ್ತೆ ಓಡುತ್ತದೆ. ಪರದೆ ಅದರಿಂದ ತಾನಾಗಿ ಬದಲಾಗುತ್ತದೆ. ಇದನ್ನು ರೀಕಂಪೋಸಿಷನ್ ಎನ್ನುತ್ತಾರೆ. ಹೀಗಾಗಿ ಒಂದು ಸಾಲು ಪರದೆಯನ್ನೂ ಬರೆಯುವ ಮೊದಲು ಯಾವ ಯಾವ ಮಾಹಿತಿ ಬದಲಾಗುತ್ತದೆ ಎಂದು ಪಟ್ಟಿ ಮಾಡಬೇಕು.

ನಮ್ಮ ಚೀಟಿಯಲ್ಲಿ ಬದಲಾಗುವುದು ನಾಲ್ಕು ಖಾನೆಗಳ ಪಠ್ಯ ಮತ್ತು ಲೋಡುಗಳ ಪಟ್ಟಿ. ನಿವ್ವಳ ತೂಕ ಈ ಲೆಕ್ಕಕ್ಕೆ ಸೇರುವುದಿಲ್ಲ. ತುಂಬಿದ ತೂಕ 14260 ಕಿಲೋ, ಖಾಲಿ ತೂಕ 5180 ಕಿಲೋ ಆದರೆ ನಿವ್ವಳ 9080 ಎಂಬುದು ಕಳೆದು ಪಡೆಯುವ ಉತ್ತರ. ಅದನ್ನು ಬೇರೆಯಾಗಿ ಕೂಡಿಟ್ಟರೆ ಒಂದಲ್ಲ ಒಂದು ದಿನ ಮೂರೂ ಅಂಕಿಗಳು ತಾಳೆಯಾಗದೆ ಕೂರುತ್ತವೆ. ಲೆಕ್ಕ ಹಾಕಿ ಪಡೆಯಬಹುದಾದದ್ದನ್ನು ಸ್ಟೇಟ್ ಆಗಿ ಇಡಬೇಡಿ.

ಇಲ್ಲಿ ಎಡವುವ ಜಾಗಗಳು ಹಲವು.

ಸಾಮಾನ್ಯ ವೇರಿಯಬಲ್‌ನಲ್ಲಿ ಬೆಲೆ, ಅಂದರೆ ವ್ಯಾಲ್ಯೂ, ಇಟ್ಟರೆ ಅದು ಬದಲಾದರೂ ಪರದೆಗೆ ಸುದ್ದಿ ಹೋಗುವುದಿಲ್ಲ. ಮ್ಯೂಟಬಲ್‌ಸ್ಟೇಟ್‌ಆಫ್ ಬಳಸಿಯೂ ಅದಕ್ಕೆ ರಿಮೆಂಬರ್ ಹಾಕದಿದ್ದರೆ ಪ್ರತಿ ರೀಕಂಪೋಸಿಷನ್‌ನಲ್ಲೂ ಬೆಲೆ ಹೊಸದಾಗಿ ಹುಟ್ಟುತ್ತದೆ. ಖಾನೆಯಲ್ಲಿ ಎಷ್ಟು ಒತ್ತಿದರೂ ಅಕ್ಷರ ಮೂಡದಿದ್ದರೆ ಈ ಎರಡರಲ್ಲಿ ಒಂದು ತಪ್ಪು ನಡೆದಿದೆ ಎಂದು ತಿಳಿಯಿರಿ. ರಿಮೆಂಬರ್ ಮಾತ್ರ ಹಾಕಿದರೆ ಫೋನ್ ತಿರುಗಿಸಿದಾಗ ಬರೆದದ್ದು ಹೋಗುತ್ತದೆ. ಅದಕ್ಕೆ ರಿಮೆಂಬರ್‌ಸೇವಬಲ್ ಇದೆ. ಉಳಿಸಿದ ಲೋಡುಗಳು ಮರುದಿನವೂ ಇರಬೇಕಾದರೆ ಇವಾವುವೂ ಸಾಲವು, ರೂಮ್‌ನಂಥ ಡೇಟಾಬೇಸ್ ಬೇಕು ಮತ್ತು ಅದಕ್ಕೂ ಪರದೆಗೂ ನಡುವೆ ಪರದೆಯ ಮಾಹಿತಿಯನ್ನು ಹಿಡಿದಿಡುವ ಒಂದು ವ್ಯೂಮಾಡೆಲ್ ಇರಬೇಕು.

‘ಬೈ’ ಎಂಬ ಕೀಲಿಪದ ಬಳಸಿದಾಗ ಕೆಂಪು ಗೆರೆ ಬಂದರೆ ಗೆಟ್‌ವ್ಯಾಲ್ಯೂ ಮತ್ತು ಸೆಟ್‌ವ್ಯಾಲ್ಯೂ ಇಂಪೋರ್ಟ್‌ಗಳು ಬಿಟ್ಟುಹೋಗಿವೆ. ಸ್ಟುಡಿಯೋ ಕೆಲವೊಮ್ಮೆ ಇವನ್ನು ತಾನಾಗಿ ಸೇರಿಸುವುದಿಲ್ಲ. ಲೋಡುಗಳನ್ನು ಮ್ಯೂಟಬಲ್‌ಲಿಸ್ಟ್‌ಆಫ್‌ನಲ್ಲಿ ಇಟ್ಟು ಸೇರಿಸುತ್ತ ಹೋದರೆ ಪಟ್ಟಿ ಒಳಗೊಳಗೇ ಬೆಳೆಯುತ್ತದೆ, ಪರದೆಯಲ್ಲಿ ಏನೂ ಕಾಣುವುದಿಲ್ಲ. ಮ್ಯೂಟಬಲ್‌ಸ್ಟೇಟ್‌ಲಿಸ್ಟ್‌ಆಫ್ ಬಳಸಿ, ಇಲ್ಲವೇ ಪ್ರತಿ ಬಾರಿಯೂ ಹೊಸ ಪಟ್ಟಿಯನ್ನೇ ಕೊಡಿ.

ತೂಕದ ಖಾನೆಗಳನ್ನು ಅಂಕಿಯಾಗಿ ಇಡದೆ ಪಠ್ಯವಾಗಿಯೇ ಇಟ್ಟು, ಲೆಕ್ಕಕ್ಕೆ ಬೇಕಾದಾಗ ಮಾತ್ರ ಅಂಕಿಯಾಗಿ ಪರಿವರ್ತಿಸಬೇಕು. ಬಳಕೆದಾರರು ಖಾನೆಯನ್ನು ಪೂರ್ತಿ ಅಳಿಸಿ ಹೊಸದಾಗಿ ಬರೆಯುವಾಗ ಅದು ಒಂದು ಕ್ಷಣ ಖಾಲಿಯಾಗಿರುತ್ತದೆ, ಮತ್ತು ಖಾಲಿ ಖಾನೆ ಸೊನ್ನೆಯಲ್ಲ. ಪರಿವರ್ತನೆಗೆ ಟುಇಂಟ್ ಬಳಸಿದರೆ ಆ ಕ್ಷಣಕ್ಕೆ ಆ್ಯಪ್ ಕುಸಿಯುತ್ತದೆ. ಟುಇಂಟ್‌ಆರ್‌ನಲ್ ಬಳಸಿದರೆ ಕುಸಿಯುವುದಿಲ್ಲ.

ಕನ್ನಡ ಅಂಕಿಗಳ ವಿಷಯದಲ್ಲಿ ಒಂದು ವಿಚಿತ್ರವಿದೆ. ಕನ್ನಡ ಕೀಬೋರ್ಡಿನಿಂದ ೫೧೮೦ ಎಂದು ಬರೆದರೆ ಟುಇಂಟ್‌ಆರ್‌ನಲ್ ಅದನ್ನು ಸರಿಯಾಗಿ 5180 ಎಂದೇ ಓದುತ್ತದೆ, ಏಕೆಂದರೆ ಅದು ಯೂನಿಕೋಡ್‌ನ ಎಲ್ಲ ಲಿಪಿಗಳ ಅಂಕಿಗಳನ್ನೂ ಗುರುತಿಸುತ್ತದೆ. ಅದೇ ೫.೧೮ ಎಂದು ಟನ್ನಿನ ಲೆಕ್ಕದಲ್ಲಿ ಬರೆದು ಟುಡಬಲ್‌ಆರ್‌ನಲ್‌ಗೆ ಕೊಟ್ಟರೆ ನಲ್ ಸಿಗುತ್ತದೆ. ಹೀಗಾಗಿ ತೂಕವನ್ನು ಕಿಲೋದಲ್ಲಿ ಪೂರ್ಣಾಂಕವಾಗಿಯೇ ಪಡೆಯುವುದು ಎರಡು ಕಾರಣಕ್ಕೆ ಮೇಲು: ಅಂಕಿಯ ಲಿಪಿ ಅಡ್ಡಬರುವುದಿಲ್ಲ, ದಶಮಾಂಶದ ಕೊನೆಯ ಸ್ಥಾನದಲ್ಲಿ ತಪ್ಪೂ ನುಸುಳುವುದಿಲ್ಲ. ‘14,260’ ಎಂದು ಅಲ್ಪವಿರಾಮ ಹಾಕಿ ಬರೆಯುವವರಿರುತ್ತಾರೆ. ಅಂಕಿಯಲ್ಲದ್ದನ್ನು ಬರೆಯುವಾಗಲೇ ಸೋಸಿಬಿಡಿ.

ಊರಿನ ಹೆಸರಿನ ಖಾನೆಯಲ್ಲಿ ಮಾತ್ರ ಹೀಗೆ ಸೋಸಲು ಹೋಗಬೇಡಿ. ‘ಶ್ರೀರಂಗಪಟ್ಟಣ’ ನಮ್ಮ ಕಣ್ಣಿಗೆ 6 ಅಕ್ಷರ. ಕೋಟ್ಲಿನ್ ಲೆಕ್ಕದಲ್ಲಿ 12. ‘ಶ್ರೀ’ ಒಂದೇ ನಾಲ್ಕು ಘಟಕಗಳಾಗಿ ಕೂತಿರುತ್ತದೆ. ಟೇಕ್ ಬಳಸಿ ಹತ್ತಕ್ಕೆ ಮಿತಿ ಹಾಕಿದರೆ ‘ಶ್ರೀರಂಗಪಟ್’ ಎಂದು ನಿಂತುಹೋಗುತ್ತದೆ, ಬಳಕೆದಾರರು ಮತ್ತೆ ಮತ್ತೆ ಒತ್ತುತ್ತಿರುತ್ತಾರೆ. ಇದಲ್ಲದೆ ಆನ್‌ವ್ಯಾಲ್ಯೂಚೇಂಜ್‌ನಿಂದ ಬಂದ ಪಠ್ಯವನ್ನು ಹಿನ್ನೆಲೆಯ ಕೆಲಸವೊಂದಕ್ಕೆ ಕಳುಹಿಸಿ, ಅಲ್ಲಿಂದ ತಡವಾಗಿ ಖಾನೆಗೆ ಮರಳಿಸಿದರೆ ಅಕ್ಷರಗಳು ಕಳೆದುಹೋಗಬಹುದು ಅಥವಾ ಕರ್ಸರ್ ನೆಗೆಯಬಹುದು. ಒತ್ತು, ಗುಣಿತ ಎಂದು ಹಲವು ಒತ್ತುಗಳಲ್ಲಿ ಒಂದು ಅಕ್ಷರ ಕಟ್ಟುವ ಕನ್ನಡ ಕೀಬೋರ್ಡಿನಲ್ಲಿ ಇದು ಬೇಗ ಎದ್ದು ಕಾಣುತ್ತದೆ. ಪಠ್ಯ ಬಂದ ಕೂಡಲೇ, ಅದೇ ಸಾಲಿನಲ್ಲಿ, ಸ್ಟೇಟ್‌ಗೆ ಬರೆಯಿರಿ. ಪರಿಶೀಲನೆ ಆಮೇಲೆ ನಡೆಯಲಿ.

## ಹಂತ 3: ಸಣ್ಣ ಫಂಕ್ಷನ್‌ಗಳಾಗಿ ಒಡೆಯಿರಿ

ಇಡೀ ಪರದೆಯನ್ನು ಒಂದೇ ಫಂಕ್ಷನ್‌ನಲ್ಲಿ ಬರೆದರೆ ಐನೂರು ಸಾಲಿನ ನಂತರ ಯಾವ ಆವರಣ ಎಲ್ಲಿ ಮುಚ್ಚಿತು ಎಂಬುದೇ ತಿಳಿಯುವುದಿಲ್ಲ. ತೂಕದ ಖಾನೆ, ನಿವ್ವಳದ ಸಾಲು, ಲೋಡಿನ ಸಾಲು ಎಂದು ಮೂರು ಸಣ್ಣ ಫಂಕ್ಷನ್ ಮಾಡಿ, ಅವುಗಳನ್ನು ಜೋಡಿಸುವ ದೊಡ್ಡ ಫಂಕ್ಷನ್ ಒಂದನ್ನು ಬರೆಯಿರಿ. ಸ್ಟೇಟ್ ಮೇಲಿನ ಫಂಕ್ಷನ್‌ನಲ್ಲಿ ಇರಲಿ. ಸಣ್ಣ ಫಂಕ್ಷನ್‌ಗಳಿಗೆ ತೋರಿಸಬೇಕಾದ ಬೆಲೆ ಮತ್ತು ಬದಲಾದಾಗ ಕರೆಯಬೇಕಾದ ಲ್ಯಾಂಬ್ಡಾ (ಹೆಸರಿಲ್ಲದ ಸಣ್ಣ ಫಂಕ್ಷನ್), ಇವೆರಡು ಮಾತ್ರ ಹೋಗಲಿ.

ಪ್ರತಿ ಸಣ್ಣ ಫಂಕ್ಷನ್‌ಗೂ ಅಳತೆ, ಅಂತರ, ಹಿನ್ನೆಲೆಗಳನ್ನು ಹೇಳುವ ಮಾಡಿಫೈಯರ್ ಎಂಬ ಐಚ್ಛಿಕ ಪ್ಯಾರಾಮೀಟರ್ ಕೊಡಿ ಮತ್ತು ಅದನ್ನು ಹೊರಗಿನ ಪೆಟ್ಟಿಗೆಗೆ ಮಾತ್ರ, ಒಮ್ಮೆ ಮಾತ್ರ ಬಳಸಿ. ಅದೇ ಹೆಸರನ್ನು ಒಳಗಿನ ಪಠ್ಯಕ್ಕೂ ಗುಂಡಿಗೂ ಕೊಟ್ಟುಬಿಡುವುದು ನಾನು ವಾರಕ್ಕೊಮ್ಮೆಯಾದರೂ ನೋಡುವ ತಪ್ಪು. ಹೊರಗಿನಿಂದ 16 ಡಿಪಿ (ಪರದೆಯ ಸಾಂದ್ರತೆಗೆ ಹೊಂದಿಕೊಳ್ಳುವ ಅಳತೆ) ಅಂತರ ಕೊಟ್ಟರೆ ಒಳಗಿನ ಪ್ರತಿಯೊಂದಕ್ಕೂ 16 ಡಿಪಿ ಸೇರಿ ಚೀಟಿ ಊದಿಕೊಳ್ಳುತ್ತದೆ. ಚಿಕ್ಕ ‘ಎಮ್’ ಅಕ್ಷರದ ಮಾಡಿಫೈಯರ್ ಹೊರಗಿನಿಂದ ಬಂದದ್ದು, ದೊಡ್ಡ ‘ಎಮ್’ ಅಕ್ಷರದ್ದು ಹೊಸದಾಗಿ ಆರಂಭವಾಗುವುದು. ಎಡಿಟರ್ ಎರಡನ್ನೂ ಒಪ್ಪುತ್ತದೆ, ಕೆಂಪು ಗೆರೆ ಬರುವುದಿಲ್ಲ.

## ಹಂತ 4: ಅಸ್ಥಿಪಂಜರ ನಿಲ್ಲಿಸಿ

ಹೊರಗೆ ಇಡೀ ಪರದೆಯ ಚೌಕಟ್ಟಾದ ಸ್ಕ್ಯಾಫೋಲ್ಡ್, ಅದರೊಳಗೆ ಕಾಲಮ್, ಅದರೊಳಗೆ ಖಾನೆಗಳು. ಸ್ಕ್ಯಾಫೋಲ್ಡ್ ತನ್ನ ಒಳಗಿನ ಭಾಗಕ್ಕೆ ಒಂದು ಅಂತರದ ಬೆಲೆಯನ್ನು ಕೊಡುತ್ತದೆ. ಅದನ್ನು ಬಳಸದಿದ್ದರೆ ಮೊದಲ ಖಾನೆ ಶೀರ್ಷಿಕೆ ಪಟ್ಟಿಯ ಕೆಳಗೆ ಅಡಗುತ್ತದೆ. ಆಂಡ್ರಾಯ್ಡ್ 15ನ್ನು, ಅಂದರೆ ಎಪಿಐ 35ನ್ನು ಗುರಿಯಾಗಿಟ್ಟ ಆ್ಯಪ್‌ಗಳು ಆ ಆವೃತ್ತಿಯ ಫೋನಿನಲ್ಲಿ ಅಂಚಿನಿಂದ ಅಂಚಿಗೆ ಹರಡಿಕೊಳ್ಳುತ್ತವೆ, ಗಡಿಯಾರ ಮತ್ತು ಬ್ಯಾಟರಿ ಇರುವ ಮೇಲಿನ ಪಟ್ಟಿಯ ಹಿಂದಕ್ಕೂ ಹೋಗುತ್ತವೆ. ಹಳೆಯ ಫೋನಿನಲ್ಲಿ ಸರಿಯಾಗಿದ್ದದ್ದು ಹೊಸ ಫೋನಿನಲ್ಲಿ ಮೇಲಕ್ಕೆ ಜರುಗಿದಂತೆ ಕಂಡರೆ ಕಾರಣ ಇದೇ.

ಕೀಬೋರ್ಡ್ ಮೇಲೆದ್ದಾಗ ‘ಖಾಲಿ ತೂಕ’ದ ಖಾನೆ ಮುಚ್ಚಿಹೋಗದಂತೆ ಮ್ಯಾನಿಫೆಸ್ಟ್‌ನಲ್ಲಿ ಅಡ್ಜಸ್ಟ್‌ರೀಸೈಜ್ ಇಟ್ಟು, ಕಾಲಮ್‌ಗೆ ಕೀಬೋರ್ಡಿನಷ್ಟು ಜಾಗ ಬಿಡುವ ಇಮೆಪ್ಯಾಡಿಂಗ್ ಹಾಕಬೇಕು. ಸರಿಯಾದ ಸರಣಿ ಹೀಗಿದೆ: ಮೊದಲು ಸ್ಕ್ಯಾಫೋಲ್ಡ್ ಕೊಟ್ಟ ಅಂತರ, ನಂತರ ಅದೇ ಬೆಲೆಯೊಡನೆ ಕನ್ಸ್ಯೂಮ್‌ವಿಂಡೋಇನ್‌ಸೆಟ್ಸ್, ಕೊನೆಗೆ ಇಮೆಪ್ಯಾಡಿಂಗ್. ನಡುವಿನದನ್ನು ಬಿಟ್ಟರೆ ಕೀಬೋರ್ಡಿನ ಮೇಲೆ ಒಂದು ಅನಾವಶ್ಯಕ ಖಾಲಿ ಪಟ್ಟಿ ಉಳಿಯುತ್ತದೆ, ಏಕೆಂದರೆ ಕೆಳಗಿನ ನ್ಯಾವಿಗೇಷನ್ ಪಟ್ಟಿಯ ಎತ್ತರ ಎರಡು ಬಾರಿ ಲೆಕ್ಕಕ್ಕೆ ಬರುತ್ತದೆ.

ಈಗ ಪಟ್ಟಿ. ಉದ್ದದ ಪಟ್ಟಿಗೆ ಲೇಜಿಕಾಲಮ್ ಬಳಸಬೇಕೆಂದು ಎಲ್ಲರಿಗೂ ಗೊತ್ತಿರುತ್ತದೆ. ಖಾನೆಗಳೂ ಪಟ್ಟಿಯೂ ಒಟ್ಟಿಗೆ ಸರಿಯಲಿ ಎಂದು ಹೊರಗಿನ ಕಾಲಮ್‌ಗೆ ವರ್ಟಿಕಲ್‌ಸ್ಕ್ರೋಲ್ ಹಾಕಿ, ಅದರೊಳಗೆ ಲೇಜಿಕಾಲಮ್ ಇಡುತ್ತಾರೆ. ಆ್ಯಪ್ ತೆರೆದ ಕೂಡಲೇ ಕುಸಿಯುತ್ತದೆ. ಫೋನಿನ ದೋಷ ಸಂದೇಶಗಳನ್ನು ತೋರಿಸುವ ಲಾಗ್‌ಕ್ಯಾಟ್‌ನಲ್ಲಿ ‘ಇನ್‌ಫಿನಿಟಿ’ ಎಂಬ ಪದ ಇರುವ ಸಾಲು ಕಂಡರೆ ತಪ್ಪು ಇದೇ. ಸರಿಯುವ ಕಾಲಮ್ ತನ್ನ ಮಕ್ಕಳಿಗೆ ‘ನಿಮಗೆ ಬೇಕಾದಷ್ಟು ಎತ್ತರ ಬೆಳೆಯಿರಿ’ ಎನ್ನುತ್ತದೆ. ಎಷ್ಟು ಎತ್ತರ ಕಾಣುತ್ತದೆ ಎಂಬುದರ ಮೇಲೆ ಎಷ್ಟು ಸಾಲು ಬರೆಯಬೇಕೆಂದು ನಿರ್ಧರಿಸುವ ಲೇಜಿಕಾಲಮ್‌ಗೆ ಆ ಮಾತಿನಿಂದ ಏನು ಮಾಡಬೇಕೆಂದೇ ತಿಳಿಯುವುದಿಲ್ಲ. ಪರಿಹಾರ ಸರಳವಾಗಿದೆ. ಹೊರಗಿನ ಕಾಲಮ್ ತೆಗೆದುಹಾಕಿ, ಒಂದೇ ಲೇಜಿಕಾಲಮ್ ಇಟ್ಟು, ಖಾನೆಗಳ ಗುಂಪನ್ನು ಅದರ ಮೊದಲ ‘ಐಟಂ’ ಆಗಿಯೂ ಲೋಡುಗಳನ್ನು ‘ಐಟಮ್ಸ್’ ಆಗಿಯೂ ಕೊಡಿ. ಖಾನೆಗಳು ಮೇಲೆಯೇ ನಿಂತಿರಬೇಕಾದರೆ ಸರಿಯದ ಕಾಲಮ್ ಒಳಗೆ ಖಾನೆಗಳನ್ನಿಟ್ಟು, ಲೇಜಿಕಾಲಮ್‌ಗೆ ವೇಟ್ 1 ಕೊಡಿ.

ವೇಟ್ ಎಂದರೆ ಇಲ್ಲಿ ಉಳಿದ ಜಾಗದಲ್ಲಿ ಸಿಗುವ ಪಾಲು. ನಮ್ಮ ಆ್ಯಪ್‌ನಲ್ಲಿ ಕಬ್ಬಿನ ತೂಕವೂ ವೇಟ್ ಆಗಿರುವುದರಿಂದ ವೇರಿಯಬಲ್‌ಗೆ ಅದೇ ಹೆಸರಿಟ್ಟು ತಲೆ ಕೆಡಿಸಿಕೊಂಡ ಹುಡುಗರಿದ್ದಾರೆ. ‘ನಿವ್ವಳಕಿಲೋ’ ಎಂಬಂಥ ಹೆಸರಿಡಿ. ಲೋಡಿನ ಸಾಲಿನಲ್ಲಿ ಎಡಕ್ಕೆ ಊರು, ಬಲಕ್ಕೆ ತೂಕ ಇರುತ್ತದೆ. ರೋ ತನ್ನ ಮಕ್ಕಳನ್ನು ಅಳೆಯುವಾಗ ವೇಟ್ ಇಲ್ಲದವರನ್ನು ಮೊದಲು ಅಳೆದು, ಉಳಿದ ಅಗಲವನ್ನು ವೇಟ್ ಇರುವವರಿಗೆ ಹಂಚುತ್ತದೆ. ಊರಿಗೆ ವೇಟ್ ಕೊಡದಿದ್ದರೆ ‘ಮದ್ದೂರು’ ಬರೆದಾಗ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ‘ಕೃಷ್ಣರಾಜಪೇಟೆ’ ಬರೆದು ಅದರ ಮುಂದೆ ಹೋಬಳಿಯ ಹೆಸರನ್ನೂ ಸೇರಿಸಿದ ದಿನ ಊರು ಇಡೀ ಅಗಲವನ್ನು ನುಂಗಿ, 9080 ಎಂಬುದು ಒಂದರ ಕೆಳಗೊಂದು ಅಂಕಿಯಾಗಿ ಉದ್ದಕ್ಕೆ ಇಳಿಯುತ್ತದೆ ಅಥವಾ ಕಾಣೆಯೇ ಆಗುತ್ತದೆ. ಬೆಳೆಯುವ ಭಾಗಕ್ಕೆ ವೇಟ್ ಕೊಡಿ, ಬೆಳೆಯದ ಭಾಗಕ್ಕೆ ಕೊಡಬೇಡಿ. ಮೊದಲ ಹಂತದಲ್ಲಿ ಬೇರೆ ಬಣ್ಣದಲ್ಲಿ ಹಾಕಿದ ಗುರುತು ಕೆಲಸಕ್ಕೆ ಬರುವುದು ಇಲ್ಲಿ.

## ಹಂತ 5: ಮಾಡಿಫೈಯರ್ ಸರಪಳಿಯ ಕ್ರಮ

ಇಡೀ ಕೆಲಸದಲ್ಲಿ ಅತಿ ಹೆಚ್ಚು ಜನ ಸೋಲುವ ಹಂತ ಇದು. ಲೇಔಟ್ ಫೈಲಿನಲ್ಲಿ ಗುಣಗಳನ್ನು ಯಾವ ಕ್ರಮದಲ್ಲಿ ಬರೆದರೂ ಫಲ ಒಂದೇ ಆಗಿತ್ತು. ಮಾಡಿಫೈಯರ್ ಸರಪಳಿಯಲ್ಲಿ ಮೊದಲು ಬರೆದದ್ದು ಹೊರಗಿನ ಸುತ್ತು, ಆಮೇಲೆ ಬರೆದದ್ದು ಅದರೊಳಗಿನ ಸುತ್ತು. ಬಾಳೆಯ ದಿಂಡಿನ ಪದರಗಳಂತೆ ಒಂದರೊಳಗೊಂದು ಇರುತ್ತವೆ ಎಂದುಕೊಳ್ಳಿ. ಅಂಚು, ಅಂದರೆ ಮಾರ್ಜಿನ್, ಎಂಬ ಪ್ರತ್ಯೇಕ ಗುಣವೇ ಕಂಪೋಸ್‌ನಲ್ಲಿ ಇಲ್ಲದಿರುವುದೂ ಇದೇ ಕಾರಣಕ್ಕೆ: ಪ್ಯಾಡಿಂಗ್ ಎಲ್ಲಿ ಬರುತ್ತದೆ ಎಂಬುದರ ಮೇಲೆ ಅದು ಒಳ ಅಂತರವೋ ಹೊರ ಅಂತರವೋ ಎಂದು ನಿರ್ಧಾರವಾಗುತ್ತದೆ.

ಈ ಎರಡು ಸಾಲುಗಳನ್ನು ಹೋಲಿಸಿ:

ಮಾಡಿಫೈಯರ್.ಪ್ಯಾಡಿಂಗ್(16.ಡಿಪಿ).ಬ್ಯಾಕ್‌ಗ್ರೌಂಡ್(ಹಸಿರು)

ಮಾಡಿಫೈಯರ್.ಬ್ಯಾಕ್‌ಗ್ರೌಂಡ್(ಹಸಿರು).ಪ್ಯಾಡಿಂಗ್(16.ಡಿಪಿ)

ಮೊದಲನೆಯದರಲ್ಲಿ ಸುತ್ತ 16 ಡಿಪಿ ಜಾಗ ಬಿಟ್ಟು, ಉಳಿದ ಒಳಭಾಗಕ್ಕೆ ಹಸಿರು ಬಳಿಯಲಾಗುತ್ತದೆ. ಪಠ್ಯ ಹಸಿರಿನ ಅಂಚಿಗೇ ಅಂಟಿಕೊಂಡಿರುತ್ತದೆ. ಎರಡನೆಯದರಲ್ಲಿ ಪೂರ್ತಿ ಹಸಿರು ಬಳಿದು, ಅದರೊಳಗೆ 16 ಡಿಪಿ ಬಿಟ್ಟು ಪಠ್ಯ ಕೂರುತ್ತದೆ. ಎರಡೂ ಬೇಕಾದರೆ ಪ್ಯಾಡಿಂಗ್ ಎರಡು ಬಾರಿ ಬರಲಿ, ಬಣ್ಣ ನಡುವೆ ಇರಲಿ, ಅದರಲ್ಲಿ ತಪ್ಪೇನಿಲ್ಲ.

ಲೋಡಿನ ಸಾಲನ್ನು ಒತ್ತಿದರೆ ವಿವರ ತೆರೆಯಬೇಕು, ಅದರ ಮೂಲೆಗಳು ದುಂಡಗಿರಬೇಕು, ಒತ್ತಿದಾಗ ಮೂಡುವ ಅಲೆ ದುಂಡುಮೂಲೆಯ ಹೊರಗೆ ಚೆಲ್ಲಬಾರದು. ಇದಕ್ಕೆ ನಾನು ಬಳಸುವ ಕ್ರಮ: ಹೊರ ಅಂತರದ ಪ್ಯಾಡಿಂಗ್, ಫಿಲ್‌ಮ್ಯಾಕ್ಸ್‌ವಿಡ್ತ್, ಕ್ಲಿಪ್, ಬ್ಯಾಕ್‌ಗ್ರೌಂಡ್, ಕ್ಲಿಕಬಲ್, ಒಳ ಅಂತರದ ಪ್ಯಾಡಿಂಗ್. ಕ್ಲಿಪ್ ಬ್ಯಾಕ್‌ಗ್ರೌಂಡ್‌ನ ನಂತರ ಬಂದರೆ ಬಣ್ಣದ ಮೂಲೆಗಳು ಚೂಪಾಗಿಯೇ ಉಳಿಯುತ್ತವೆ. ಕ್ಲಿಕಬಲ್ ಒಳ ಪ್ಯಾಡಿಂಗ್‌ನ ನಂತರ ಬಂದರೆ ಸಾಲಿನ ಅಂಚಿನ ಬಳಿ ಒತ್ತಿದಾಗ ಸ್ಪಂದಿಸುವುದಿಲ್ಲ. ಮನೆಯಲ್ಲಿ ಮೆಲ್ಲಗೆ ಒತ್ತಿ ನೋಡುವಾಗ ಇದು ಗೊತ್ತಾಗುವುದಿಲ್ಲ, ಕಬ್ಬಿನ ರವದಿ ಅಂಟಿದ ಕೈಯಲ್ಲಿ ಒತ್ತುವವರಿಗೆ ಗೊತ್ತಾಗುತ್ತದೆ. ಒತ್ತುವ ಯಾವುದೇ ಭಾಗ 48 ಡಿಪಿಗಿಂತ ಚಿಕ್ಕದಾಗದಿರಲಿ.

ಅಳತೆಯಲ್ಲೂ ಹೊರಗಿನದೇ ಗೆಲ್ಲುತ್ತದೆ. ಸೈಜ್ 100 ಕೊಟ್ಟು ಅದರ ಮುಂದೆ ಸೈಜ್ 50 ಎಂದು ಬರೆದರೆ ಸಿಗುವುದು 100. ಸಣ್ಣ ಫಂಕ್ಷನ್‌ನ ಒಳಗೆ ಬರೆದ ಅಳತೆ ಕೆಲಸ ಮಾಡುತ್ತಿಲ್ಲ ಎಂದು ಕಂಡಾಗ, ಅದನ್ನು ಕರೆದವರು ಹೊರಗಿನಿಂದಲೇ ಅಳತೆ ಕಟ್ಟಿ ಕಳುಹಿಸಿದ್ದಾರೆಯೇ ನೋಡಿ. ಸರಪಳಿ ಗೊಂದಲವಾದರೆ ಪ್ರತಿ ಸುತ್ತಿನ ನಡುವೆ ಬೇರೆ ಬೇರೆ ಬಣ್ಣದ ಬಾರ್ಡರ್ ಹಾಕಿ ಪ್ರಿವ್ಯೂ ನೋಡಿ. ಕಣ್ಣಿಗೆ ಒರಟಾದರೂ ಐದು ನಿಮಿಷದಲ್ಲಿ ಯಾವ ಪದರ ಎಲ್ಲಿದೆ ಎಂದು ತಿಳಿಯುತ್ತದೆ.

## ಹಂತ 6: ಬಣ್ಣ, ಅಕ್ಷರ, ಕನ್ನಡ

ಈಗ ಮಾತ್ರ ಬಣ್ಣಕ್ಕೆ ಕೈ ಹಾಕಿ. ಸ್ಟುಡಿಯೋ ಕೊಡುವ ಥೀಮ್ ಫೈಲಿನಲ್ಲಿ ಡೈನಾಮಿಕ್‌ಕಲರ್ ಎಂಬ ಪ್ಯಾರಾಮೀಟರ್ ‘ಟ್ರೂ’ ಆಗಿರುತ್ತದೆ. ಆಂಡ್ರಾಯ್ಡ್ 12 ಮತ್ತು ಅದರ ಮುಂದಿನ ಫೋನುಗಳಲ್ಲಿ ಅದು ಬಳಕೆದಾರರ ವಾಲ್‌ಪೇಪರ್‌ನಿಂದ ಬಣ್ಣ ಆರಿಸಿಕೊಂಡು ನೀವು ಕೊಟ್ಟ ಬಣ್ಣವನ್ನು ಬದಿಗೆ ಸರಿಸುತ್ತದೆ. ‘ಹಸಿರು ಕೊಟ್ಟೆ, ನೇರಳೆ ಬಂತು’ ಎಂಬ ದೂರಿಗೆ ಉತ್ತರ ಅಲ್ಲಿದೆ. ಅದನ್ನು ‘ಫಾಲ್ಸ್’ ಮಾಡಿ.

ಬಣ್ಣಗಳನ್ನು ಜೋಡಿಯಾಗಿ ಕೊಡಬೇಕು. ಪ್ರೈಮರಿ ಬದಲಿಸಿದರೆ ಅದರ ಮೇಲೆ ಬರೆಯುವ ಅಕ್ಷರದ ಬಣ್ಣವಾದ ಆನ್‌ಪ್ರೈಮರಿಯನ್ನೂ ಬದಲಿಸಿ. ಫಂಕ್ಷನ್‌ನ ಒಳಗೆ ನೇರವಾಗಿ ಕಪ್ಪು, ಬಿಳುಪು ಎಂದು ಬರೆದರೆ ಡಾರ್ಕ್ ಮೋಡ್‌ನಲ್ಲಿ ಕಪ್ಪಿನ ಮೇಲೆ ಕಪ್ಪು ಅಕ್ಷರ ಕೂರುತ್ತದೆ. ಯಾವಾಗಲೂ ಥೀಮ್‌ನ ಕಲರ್‌ಸ್ಕೀಮ್‌ನಿಂದಲೇ ಪಡೆಯಿರಿ. ಸಣ್ಣ ಅಕ್ಷರಕ್ಕೂ ಅದರ ಹಿನ್ನೆಲೆಗೂ ಕನಿಷ್ಠ 4.5:1 ವ್ಯತ್ಯಾಸ ಇರಬೇಕೆಂಬುದು ಒಪ್ಪಿತ ಮಾನದಂಡ. ಕಬ್ಬಿನ ಎಲೆಯ ತಿಳಿ ಹಸಿರಿನಲ್ಲಿ ನಿವ್ವಳ ತೂಕ ಬರೆದು, ಕೊಠಡಿಯ ಬೆಳಕಿನಲ್ಲಿ ಮೆಚ್ಚಿಕೊಂಡು, ಮಧ್ಯಾಹ್ನದ ಬಿಸಿಲಿನಲ್ಲಿ ವೇಬ್ರಿಡ್ಜ್ ಬಳಿ ಅಂಗೈ ಅಡ್ಡ ಹಿಡಿದು ಓದಬೇಕಾಗಿ ಬಂದಾಗ ನಾನು ಈ ಪಾಠ ಕಲಿತೆ.

ಅಕ್ಷರದ ವಿಷಯಕ್ಕೆ ಬಂದರೆ, ಗೂಗಲ್‌ನ ವಿನ್ಯಾಸ ಪದ್ಧತಿಯಾದ ಮೆಟೀರಿಯಲ್ 3ರ ಸಿದ್ಧ ಅಳತೆಗಳು ಇಂಗ್ಲಿಷ್ ಅಕ್ಷರಗಳನ್ನು ನೋಡಿ ಮಾಡಿದಂತಿವೆ. ಬಾಡಿಲಾರ್ಜ್ ಎಂಬುದು 16 ಎಸ್‌ಪಿ (ಬಳಕೆದಾರರು ಆರಿಸಿದ ಅಕ್ಷರ ಗಾತ್ರದೊಡನೆ ಹಿಗ್ಗುವ ಅಳತೆ) ಗಾತ್ರ, 24 ಎಸ್‌ಪಿ ಸಾಲಿನೆತ್ತರ, ಅಕ್ಷರಗಳ ನಡುವೆ 0.5 ಎಸ್‌ಪಿ. ಲೇಬಲ್‌ಸ್ಮಾಲ್ 11ಕ್ಕೆ 16. ಕನ್ನಡದಲ್ಲಿ ಮೇಲೆ ಗುಣಿತ, ಕೆಳಗೆ ಒತ್ತು ಎರಡೂ ಇರುವುದರಿಂದ ‘ಕೃಷ್ಣ’ ಎಂಬ ಪದದ ಕೆಳಭಾಗ ಮುಂದಿನ ಸಾಲಿನ ಮೇಲ್ಭಾಗವನ್ನು ಮುಟ್ಟುತ್ತದೆ. ಸಾಲಿನೆತ್ತರವನ್ನು 1.6 ಇಎಂ, ಅಂದರೆ ಅಕ್ಷರ ಗಾತ್ರದ 1.6 ಪಟ್ಟು, ಮಾಡಿ, ಅಕ್ಷರಗಳ ನಡುವಿನ ಅಂತರವನ್ನು ಸೊನ್ನೆ ಮಾಡಿ. ಕಂಪೋಸ್ 1.6ರಿಂದ ಮೇಲೆ ಕೆಳಗೆ ಸಿಗುತ್ತಿದ್ದ ಹೆಚ್ಚುವರಿ ಫಾಂಟ್ ಪ್ಯಾಡಿಂಗ್ ತಾನಾಗಿ ಸಿಗುವುದಿಲ್ಲ. ಹಳೆಯ ಪ್ರಾಜೆಕ್ಟನ್ನು ನವೀಕರಿಸಿದ ನಂತರ ಒತ್ತುಗಳು ಬಿಗಿಯಾಗಿ ಕಂಡರೆ ಇದನ್ನು ನೆನಪಿಡಿ. ಪಠ್ಯ ಇರುವ ಯಾವ ಪೆಟ್ಟಿಗೆಗೂ ನಿಗದಿತ ಹೈಟ್ ಕೊಡಬೇಡಿ. ಹೈಟ್‌ಇನ್ ಬಳಸಿ ಕನಿಷ್ಠ ಎತ್ತರ ಮಾತ್ರ ಹೇಳಿ. ನೋಟೋ ಸಾನ್ಸ್ ಕನ್ನಡದಂಥ ಫಾಂಟನ್ನು ಆ್ಯಪ್ ಜೊತೆಗೇ ಇಡುವುದಾದರೆ ಅದರ ಫೈಲ್ ಹೆಸರಿನಲ್ಲಿ ದೊಡ್ಡಕ್ಷರವಾಗಲಿ ಅಡ್ಡಗೆರೆಯಾಗಲಿ ಇರಬಾರದು, ಇದ್ದರೆ ಬಿಲ್ಡ್ ನಿಲ್ಲುತ್ತದೆ.

ಲೇಔಟ್ ಫೈಲ್ ಹೋಯಿತೆಂದು ಸ್ಟ್ರಿಂಗ್ಸ್ ಫೈಲನ್ನೂ ಬಿಡುವವರಿದ್ದಾರೆ. ಅದು ಉಳಿಯಬೇಕು. ‘ಉಳಿಸಿ’, ‘ಖಾಲಿ ತೂಕ’ ಎಂಬ ಪದಗಳೆಲ್ಲ ಅಲ್ಲಿರಲಿ, ಕೋಡಿನಲ್ಲಿ ಸ್ಟ್ರಿಂಗ್‌ರಿಸೋರ್ಸ್ ಮೂಲಕ ಬರಲಿ. ವಾಕ್ಯದ ನಡುವೆ ಬೆಲೆ ಸೇರಿಸುವಾಗ ಖಾಲಿಜಾಗಗಳಿಗೆ ಒಂದು, ಎರಡು ಎಂದು ಸಂಖ್ಯೆ ಕೊಡಿ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಇಂಗ್ಲಿಷ್ ವಾಕ್ಯದ ಕ್ರಮವೇ ಉಳಿಯುವುದಿಲ್ಲ.

## ಹಂತ 7: ಪ್ರಿವ್ಯೂನಲ್ಲಿ ಹಿಂಸಿಸಿ ನೋಡಿ

ಒಂದೇ ಸಣ್ಣ ಫಂಕ್ಷನ್‌ಗೆ ನಾಲ್ಕು ಪ್ರಿವ್ಯೂ ಬರೆಯಿರಿ: ಸಾಮಾನ್ಯ, ಡಾರ್ಕ್, ಫಾಂಟ್‌ಸ್ಕೇಲ್ 2, ಕನ್ನಡ ಲೊಕೇಲ್. ಆಂಡ್ರಾಯ್ಡ್ 14ರಿಂದ ಬಳಕೆದಾರರು ಅಕ್ಷರವನ್ನು 200 ಶೇಕಡಾವರೆಗೆ ಹಿಗ್ಗಿಸಬಹುದು, ಮತ್ತು ಲೆಕ್ಕ ಬರೆಯುವ ಹಿರಿಯರು ಹಿಗ್ಗಿಸಿಯೇ ಇರುತ್ತಾರೆ. ಪ್ರಿವ್ಯೂಗೆ ‘ಮದ್ದೂರು, 9080’ ಎಂಬ ಸೌಮ್ಯ ಮಾಹಿತಿ ಕೊಡಬೇಡಿ. ಅತಿ ಉದ್ದದ ಊರು, ಖಾಲಿ ಊರು, ತುಂಬಿದ ತೂಕಕ್ಕಿಂತ ಖಾಲಿ ತೂಕವೇ ಹೆಚ್ಚಾದ ಚೀಟಿ, ಇವುಗಳನ್ನು ಕೊಡಿ. ಕೊನೆಯದರಲ್ಲಿ ನಿವ್ವಳ ಋಣಸಂಖ್ಯೆಯಾಗುತ್ತದೆ. ಆಗ ‘ಉಳಿಸಿ’ ಗುಂಡಿ ಒತ್ತಲಾಗದಂತೆ ಇರಬೇಕು ಮತ್ತು ಖಾನೆಯ ಕೆಳಗೆ ಕಾರಣ ಕಾಣಬೇಕು.

ಪ್ರಿವ್ಯೂ ಬರುತ್ತಲೇ ಇಲ್ಲವಾದರೆ ಆ ಫಂಕ್ಷನ್ ನೇರವಾಗಿ ವ್ಯೂಮಾಡೆಲ್ ಬೇಡುತ್ತಿರಬಹುದು. ಹಾಗಿದ್ದರೆ ಮೂರನೆಯ ಹಂತಕ್ಕೆ ಹಿಂತಿರುಗಿ ಒಡೆಯಿರಿ. ಆಮೇಲೆ ಫೋನಿನಲ್ಲಿ ಅರ್ಧ ಬರೆದ ಚೀಟಿಯೊಡನೆ ತಿರುಗಿಸಿ ನೋಡಿ. ಪರದೆಯನ್ನು ಓದಿ ಹೇಳುವ ಟಾಕ್‌ಬ್ಯಾಕ್ ಚಾಲೂ ಮಾಡಿ ಒಮ್ಮೆ ಕೇಳಿ. ಅಳಿಸುವ ಚಿತ್ರಗುಂಡಿಗೆ ಕಂಟೆಂಟ್‌ಡಿಸ್ಕ್ರಿಪ್ಷನ್ ಇಲ್ಲದಿದ್ದರೆ ಆ ಗುಂಡಿ ಯಾವುದಕ್ಕೆ ಎಂದು ಅದು ಹೇಳುವುದಿಲ್ಲ.

## ಹಂತ 8: ಪಟ್ಟಿ ತಡವರಿಸಿದರೆ

ಡೀಬಗ್ ಬಿಲ್ಡ್‌ನಲ್ಲಿ ಕಂಪೋಸ್ ನಿಧಾನವಾಗಿಯೇ ಇರುತ್ತದೆ. ಕೋಡನ್ನು ಕುಗ್ಗಿಸಿ ಚುರುಕುಗೊಳಿಸುವ ಆರ್8 ಚಾಲೂ ಮಾಡಿದ ರಿಲೀಸ್ ಬಿಲ್ಡ್‌ನಲ್ಲಿ ನೋಡುವ ಮೊದಲು ಏನನ್ನೂ ತಿದ್ದಬೇಡಿ. ಅರ್ಧದಷ್ಟು ದೂರುಗಳು ಅಲ್ಲಿಯೇ ಮುಗಿಯುತ್ತವೆ. ಉಳಿದವಕ್ಕೆ ಲೇಔಟ್ ಇನ್‌ಸ್ಪೆಕ್ಟರ್ ತೆರೆದು ಯಾವ ಫಂಕ್ಷನ್ ಎಷ್ಟು ಬಾರಿ ರೀಕಂಪೋಸ್ ಆಗುತ್ತಿದೆ ಎಂದು ನೋಡಿ. ಖಾಲಿ ತೂಕದ ಖಾನೆಯಲ್ಲಿ ಒಂದು ಅಂಕಿ ಒತ್ತಿದಾಗ ಪಟ್ಟಿಯ ಎಲ್ಲ ಸಾಲುಗಳ ಎಣಿಕೆಯೂ ಏರುತ್ತಿದ್ದರೆ ಖಾನೆಯ ಸ್ಟೇಟನ್ನು ಅಗತ್ಯಕ್ಕಿಂತ ಮೇಲಿನ ಫಂಕ್ಷನ್‌ನಲ್ಲಿ ಓದುತ್ತಿದ್ದೀರಿ. ಕೋಟ್ಲಿನ್ 2.0.20ರಿಂದ ಮಾಹಿತಿ ಬದಲಾಗದ ಫಂಕ್ಷನ್‌ಗಳನ್ನು ಮತ್ತೆ ಓಡಿಸದೆ ಬಿಡುವ ಸ್ಟ್ರಾಂಗ್ ಸ್ಕಿಪ್ಪಿಂಗ್ ತಾನಾಗಿ ಚಾಲೂ ಇರುವುದರಿಂದ ಹಳೆಯ ಪಾಠಗಳು ಹೇಳುವ ಸ್ಟೇಬಲ್, ಇಮ್ಯೂಟಬಲ್ ಗುರುತುಗಳನ್ನು ಎಲ್ಲೆಡೆ ಅಂಟಿಸುವ ಅಗತ್ಯ ಕಡಿಮೆಯಾಗಿದೆ.

ಲೋಡುಗಳನ್ನು ಹೊಸದು ಮೇಲೆ ಬರುವಂತೆ ವಿಂಗಡಿಸುವ ಕೆಲಸ ಕಂಪೋಸಬಲ್ ಫಂಕ್ಷನ್‌ನ ಒಳಗಿರಬಾರದು, ವ್ಯೂಮಾಡೆಲ್‌ನಲ್ಲಿರಲಿ. ಡೇಟಾಬೇಸ್‌ಗೆ ಬರೆಯುವ ಸಾಲು ಫಂಕ್ಷನ್‌ನ ಮೈಯಲ್ಲಿ ನೇರವಾಗಿ ಇದ್ದರೆ ಒಂದೇ ಲೋಡು ಎರಡು ಮೂರು ಬಾರಿ ಉಳಿಯುತ್ತದೆ. ಅದನ್ನು ಗುಂಡಿಯ ಆನ್‌ಕ್ಲಿಕ್‌ಗೆ ಸಾಗಿಸಿ. ಐಟಮ್ಸ್‌ಗೆ ಕೀ ಕೊಡುವುದನ್ನು ಮರೆಯಬೇಡಿ. ಕೀ ಇಲ್ಲದಿದ್ದರೆ ಸಾಲಿನ ಗುರುತು ಅದರ ಸ್ಥಾನದಿಂದ ನಿರ್ಧಾರವಾಗುತ್ತದೆ. ಮೇಲೆ ಹೊಸ ಲೋಡು ಬಂದಾಗ ಎರಡನೆಯ ಸಾಲಿನಲ್ಲಿ ಬಿಚ್ಚಿಟ್ಟ ವಿವರ ಬೇರೆ ಗಾಡಿಯ ವಿವರವಾಗಿ ಬದಲಾಗಿರುತ್ತದೆ. ಗಾಡಿ ನಂಬರನ್ನೇ ಕೀ ಮಾಡಲು ಹೋಗಬೇಡಿ, ಏಕೆಂದರೆ ಒಂದೇ ಟ್ರ್ಯಾಕ್ಟರ್ ಬೆಳಿಗ್ಗೆ ಒಂದು, ಸಂಜೆ ಒಂದು ಲೋಡು ತಂದ ದಿನ ಎರಡು ಸಾಲಿಗೂ ಒಂದೇ ಕೀ ಆಗಿ, ಪಟ್ಟಿಯನ್ನು ಸರಿಸುವಾಗ ಆ್ಯಪ್ ಕುಸಿಯುತ್ತದೆ. ಡೇಟಾಬೇಸ್ ಪ್ರತಿ ಚೀಟಿಗೂ ಕೊಡುವ ಕ್ರಮಸಂಖ್ಯೆಯನ್ನು ಬಳಸಿ.